ನೂರು ಅರ್ಜಿ ಹಾಕಿದರೂ ಕರೆ ಬಾರದವರಿಗೆ: ಕೆಲಸ ಹುಡುಕುವ ಕ್ರಮದ ಸಮಗ್ರ ಮಾರ್ಗದರ್ಶಿ

“ಇನ್ನೂರು ಅರ್ಜಿ ಹಾಕಿದ್ದೇನೆ, ಒಂದು ಕರೆಯೂ ಬಂದಿಲ್ಲ, ಇನ್ನು ಯಾವ ಕೋರ್ಸ್ ಮಾಡಲಿ?” ಎಂದು ಕೇಳುವ ಯುವಕ ಯುವತಿಯರು ನನಗೆ ಮತ್ತೆ ಮತ್ತೆ ಎದುರಾಗುತ್ತಾರೆ. ಈ ಮಾತಿನ ಮೊದಲ ಅರ್ಧ ನಿಜವಾದ ಕಷ್ಟ. ಎರಡನೆಯ ಅರ್ಧ ಅವಸರದ ತೀರ್ಮಾನ. ಕರೆಯೇ ಬಾರದಿದ್ದರೆ ತೊಡಕು ಹೆಚ್ಚಾಗಿ ಹುದ್ದೆಯ ಆಯ್ಕೆಯಲ್ಲೋ ರೆಸ್ಯೂಮೆಯಲ್ಲೋ ಇರುತ್ತದೆ. ಕರೆ ಬಂದ ಮೇಲೆ ಸಂದರ್ಶನದಲ್ಲಿ ಕೈತಪ್ಪುತ್ತಿದ್ದರೆ ರೆಸ್ಯೂಮೆಯನ್ನು ಹತ್ತನೆಯ ಸಲ ತಿದ್ದಿ ಪ್ರಯೋಜನವಿಲ್ಲ. ಕೊಡ ಎಲ್ಲಿ ಸೋರುತ್ತಿದೆ ಎಂದು ನೋಡದೆ ನೀರು ಸುರಿಯುತ್ತಾ ಹೋದರೆ ದಣಿವೊಂದೇ ಉಳಿಯುತ್ತದೆ. ಆದ್ದರಿಂದ ಕೆಳಗಿನ ಹಂತಗಳನ್ನು ಕೊಟ್ಟಿರುವ ಕ್ರಮದಲ್ಲಿಯೇ ಮಾಡಬೇಕೆಂದು ವಿನಂತಿ. ಮೂರನೆಯದನ್ನು ಬಿಟ್ಟು ನಾಲ್ಕನೆಯದಕ್ಕೆ ಹಾರಿದವರು ಮತ್ತೆ ಹಿಂದಕ್ಕೆ ಬರುವುದನ್ನು ನಾನು ಹಲವು ಬಾರಿ ನೋಡಿದ್ದೇನೆ.

ಮೊದಲು ಸಿದ್ಧಪಡಿಸಿಕೊಳ್ಳಬೇಕಾದವು

ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್‌ನಲ್ಲಿ ಒಂದು ಹಾಳೆ (ಕಂಪ್ಯೂಟರ್ ಇಲ್ಲದಿದ್ದರೆ ಗೆರೆ ಎಳೆದ ನೋಟ್‌ಬುಕ್ ಸಾಕು), ನಿಮ್ಮ ಹೆಸರಷ್ಟೇ ಇರುವ ಇಮೇಲ್ ವಿಳಾಸ, ತಿದ್ದಬಹುದಾದ ರೂಪದಲ್ಲಿ ರೆಸ್ಯೂಮೆ, ಧ್ವನಿ ಮುದ್ರಿಸುವ ಮೊಬೈಲ್, ದಿನಕ್ಕೆ ಎರಡರಿಂದ ಮೂರು ಗಂಟೆಯ ನಿಗದಿತ ವೇಳೆ. ಇವಿಷ್ಟೇ ಸಾಕು. ದುಡ್ಡು ಕೊಟ್ಟು ರೆಸ್ಯೂಮೆ ಬರೆಸುವ ಅಗತ್ಯ ಆರಂಭದಲ್ಲಿ ಇಲ್ಲ, ಏಕೆಂದರೆ ನಿಮ್ಮ ಕೆಲಸದ ವಿವರ ನಿಮಗಲ್ಲದೆ ಬರೆಯುವವರಿಗೆ ಗೊತ್ತಿರುವುದಿಲ್ಲ.

ಹಂತ 1: ತಡೆ ಎಲ್ಲಿದೆ ಎಂದು ಪತ್ತೆ ಮಾಡುವುದು

ಹಾಳೆಯಲ್ಲಿ ಏಳು ಕಲಂ ಮಾಡಿ: ಅರ್ಜಿ ಹಾಕಿದ ದಿನ, ಸಂಸ್ಥೆ, ಹುದ್ದೆ, ಜಾಹೀರಾತು ಕಂಡ ಜಾಗ, ಕಳುಹಿಸಿದ ರೆಸ್ಯೂಮೆಯ ಆವೃತ್ತಿ, ಈಗಿನ ಸ್ಥಿತಿ, ಮುಂದೆ ವಿಚಾರಿಸಬೇಕಾದ ದಿನ. ಇಮೇಲ್‌ನ ‘ಸೆಂಟ್’ ಫೋಲ್ಡರ್ ತೆರೆದು, ಜಾಲತಾಣಗಳಲ್ಲಿರುವ ನಿಮ್ಮ ಖಾತೆಗಳನ್ನೂ ನೋಡಿ, ಈ ಹಿಂದಿನ ಮೂವತ್ತು ಅರ್ಜಿಗಳನ್ನು ತುಂಬಿ. ನೆನಪಿನಿಂದ ತುಂಬಬಾರದು. ಇನ್ನೂರು ಎಂದು ಹೇಳುತ್ತಿದ್ದವರು ನಿಜವಾಗಿ ಪೂರ್ತಿ ಅರ್ಜಿ ಸಲ್ಲಿಸಿದ್ದು ಅರವತ್ತು, ಉಳಿದವು ಮೊಬೈಲಿನಲ್ಲಿ ಒಂದು ಗುಂಡಿ ಒತ್ತಿ ಮುಂದೆ ಸರಿದವು ಎಂದು ಆ ಹಾಳೆಯೇ ತೋರಿಸಿಕೊಟ್ಟ ಸಂದರ್ಭಗಳಿವೆ.

ಈಗ ಹಾಳೆಯನ್ನು ಓದಿ. ಮೂವತ್ತರಲ್ಲಿ ಒಂದೆರಡು ಕರೆಯೂ ಬಂದಿಲ್ಲವಾದರೆ ನಿಮ್ಮ ಕೆಲಸವಿರುವುದು 2, 3 ಮತ್ತು 4ನೆಯ ಹಂತಗಳಲ್ಲಿ. ಫೋನಿನ ಮೊದಲ ಮಾತುಕತೆಯ ನಂತರ ಸದ್ದಿಲ್ಲದಂತಾಗುತ್ತಿದ್ದರೆ ನೀವು ನಿಮ್ಮನ್ನು ಪರಿಚಯಿಸಿಕೊಳ್ಳುವ ರೀತಿಯಲ್ಲೋ, ಹುದ್ದೆಯ ಬಗ್ಗೆ ನಿಮಗಿರುವ ತಿಳಿವಳಿಕೆಯಲ್ಲೋ ಕೊರತೆಯಿದೆ. ಬರವಣಿಗೆಯ ಪರೀಕ್ಷೆಯಲ್ಲಿ ಹಿಂದುಳಿಯುತ್ತಿದ್ದರೆ ಮಾತ್ರ ಕಲಿಕೆಯ ಕೊರತೆ ಎನ್ನಬಹುದು, ಆಗ ಕೋರ್ಸ್ ಅಥವಾ ಅಭ್ಯಾಸ ಸರಿಯಾದ ಮದ್ದು. ಕೊನೆಯ ಸುತ್ತಿನವರೆಗೆ ಮೂರು ನಾಲ್ಕು ಬಾರಿ ಹೋಗಿ ಬಿಟ್ಟುಹೋಗುತ್ತಿದ್ದರೆ ನೀವು ಬಹುಮಟ್ಟಿಗೆ ಸರಿಯಾದ ದಾರಿಯಲ್ಲಿದ್ದೀರಿ. ಎಲ್ಲವನ್ನೂ ಬದಲಿಸುವ ಆತುರ ಬೇಡ, 6ನೆಯ ಹಂತವನ್ನು ಮಾತ್ರ ಗಟ್ಟಿ ಮಾಡಿಕೊಳ್ಳಿ.

ಹಂತ 2: ಗುರಿಯನ್ನು ಕಿರಿದಾಗಿಸುವುದು

“ಯಾವ ಕೆಲಸವಾದರೂ ಸರಿ” ಎಂಬ ಮಾತು ವಿನಯದಿಂದ ಬರುತ್ತದೆ ಎಂಬುದು ನನಗೆ ಗೊತ್ತು. ಮನೆಯ ಕಷ್ಟ ಬೆನ್ನಿಗಿರುವವರ ಬಾಯಲ್ಲಿ ಅದು ಸಹಜ. ಆದರೆ ನೇಮಕ ಮಾಡುವವರಿಗೆ ಅದು ಬೇರೆಯಾಗಿ ಕೇಳಿಸುತ್ತದೆ: ಈ ವ್ಯಕ್ತಿಗೆ ನಮ್ಮ ಕೆಲಸವೇನೆಂದು ತಿಳಿದಿಲ್ಲ, ಆರು ತಿಂಗಳಿಗೆ ಬಿಟ್ಟು ಹೋಗಬಹುದು ಎಂದು.

ಒಂದೇ ಬಗೆಯ ಹುದ್ದೆಗೆ ಬಂದಿರುವ ಹದಿನೈದು ಜಾಹೀರಾತುಗಳನ್ನು ಕಲೆಹಾಕಿ. ಅವುಗಳಲ್ಲಿ ಮರುಕಳಿಸುವ ಅರ್ಹತೆಗಳನ್ನು ಮೂರು ಗುಂಪಾಗಿ ಬರೆದುಕೊಳ್ಳಿ: ಹತ್ತಕ್ಕಿಂತ ಹೆಚ್ಚು ಜಾಹೀರಾತುಗಳಲ್ಲಿ ಇರುವವು, ಐದಾರರಲ್ಲಿ ಇರುವವು, ಒಂದೆರಡರಲ್ಲಿ ಮಾತ್ರ ಇರುವವು. ಮೊದಲ ಗುಂಪಿನಲ್ಲಿ ಅರ್ಧಕ್ಕಿಂತ ಹೆಚ್ಚು ನಿಮ್ಮಲ್ಲಿದ್ದರೆ ಆ ಹುದ್ದೆಗೆ ಅರ್ಜಿ ಹಾಕಬಹುದು. ಇಲ್ಲದಿದ್ದರೆ ಏನು ಕಲಿಯಬೇಕು ಎಂಬ ಪ್ರಶ್ನೆಗೆ ಉತ್ತರವೂ ಅದೇ ಗುಂಪಿನಲ್ಲಿ ಸಿಗುತ್ತದೆ, ಕೋರ್ಸ್ ಮಾರುವವರ ಜಾಹೀರಾತಿನಲ್ಲಲ್ಲ.

ಜಾಹೀರಾತಿನಲ್ಲಿ ಬರೆದಿರುವ ಎಲ್ಲ ಅರ್ಹತೆಗಳೂ ಇದ್ದರಷ್ಟೇ ಅರ್ಜಿ ಹಾಕಬೇಕೆಂದು ಹಿಂಜರಿಯುವುದು ಒಂದು ತಪ್ಪಾದರೆ, ಕಾನೂನು ಕಡ್ಡಾಯ ಮಾಡಿರುವ ಪರವಾನಗಿ ಅಥವಾ ಪದವಿ ಇಲ್ಲದೆಯೂ ಹಾಕಿ ನೋಡೋಣ ಎನ್ನುವುದು ಇನ್ನೊಂದು ತಪ್ಪು. ಮೊದಲನೆಯದು ಬಹುಪಾಲು ಬಯಕೆಯ ಪಟ್ಟಿ. ಎರಡನೆಯದರಲ್ಲಿ ರಿಯಾಯಿತಿ ಇರುವುದಿಲ್ಲ. ಹೊಸಬರ ಹುದ್ದೆ ಎಂದು ಹೇಳಿಯೂ ಒಂದೆರಡು ವರ್ಷದ ಅನುಭವ ಕೇಳಿದ್ದರೆ, ಇಂಟರ್ನ್‌ಶಿಪ್, ಗುತ್ತಿಗೆ ಕೆಲಸ, ಮನೆಯವರ ವ್ಯವಹಾರದಲ್ಲಿ ನಿಜವಾಗಿ ಹೊತ್ತ ಜವಾಬ್ದಾರಿ ಇವುಗಳನ್ನು ಅನುಭವವೆಂದೇ ತೋರಿಸಿ ಅರ್ಜಿ ಹಾಕಿ.

ಎಚ್ಚರಿಕೆಯ ಲಕ್ಷಣ: ಒಂದೇ ಜಾಹೀರಾತು ತಿಂಗಳುಗಟ್ಟಲೆ ಮತ್ತೆ ಮತ್ತೆ ಹೊಸ ದಿನಾಂಕದೊಂದಿಗೆ ಬರುತ್ತಿದ್ದರೆ ಅಲ್ಲಿ ಹುದ್ದೆಯೇ ಇಲ್ಲದಿರಬಹುದು, ಅಥವಾ ಸೇರಿದವರು ನಿಲ್ಲುತ್ತಿಲ್ಲದಿರಬಹುದು. ಸಂಸ್ಥೆಯ ಸ್ವಂತ ಜಾಲತಾಣದಲ್ಲೂ ಆ ಹುದ್ದೆ ಇದೆಯೇ ಎಂದು ನೋಡಿದ ಮೇಲೆಯೇ ಸಮಯ ವ್ಯಯಿಸಿ.

ಹಂತ 3: ಕೆಲಸದ ಪುರಾವೆ ತಯಾರಿಸುವುದು

ಬಹುತೇಕರು ಬಿಟ್ಟುಬಿಡುವ ಹಂತ ಇದೇ, ಅನುಭವವಿಲ್ಲದವರಿಗೆ ಹೆಚ್ಚು ಬಲ ಕೊಡುವ ಹಂತವೂ ಇದೇ. ಫ್ರಾಂಕ್ ಸ್ಮಿತ್ ಮತ್ತು ಜಾನ್ ಹಂಟರ್ ಎಂಬ ಮನೋವಿಜ್ಞಾನಿಗಳು 85 ವರ್ಷಗಳ ಸಂಶೋಧನೆಗಳನ್ನು ಒಟ್ಟುಗೂಡಿಸಿ 1998ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಒಬ್ಬರು ಮುಂದೆ ಹೇಗೆ ಕೆಲಸ ಮಾಡುತ್ತಾರೆ ಎಂಬುದನ್ನು ಅವರ ಓದಿನ ವರ್ಷಗಳಿಗಿಂತಲೂ ಅನುಭವದ ವರ್ಷಗಳಿಗಿಂತಲೂ, ಕೆಲಸದ ಒಂದು ತುಣುಕನ್ನು ಮಾಡಿಸಿ ನೋಡುವುದು ಬಹಳ ಚೆನ್ನಾಗಿ ತಿಳಿಸುತ್ತದೆ. ನೇಮಕ ಮಾಡುವವರು ಕೇಳುವ ಮೊದಲೇ ಆ ತುಣುಕನ್ನು ನೀವೇ ಮಾಡಿ ಮುಂದಿಟ್ಟರೆ “ಅನುಭವ ಎಷ್ಟು?” ಎಂಬ ಪ್ರಶ್ನೆಯ ಬಿಗಿ ಸಡಿಲವಾಗುತ್ತದೆ.

ನಿಮ್ಮ ಗುರಿಯ ಹುದ್ದೆಯಲ್ಲಿ ದಿನನಿತ್ಯ ಮಾಡುವ ಒಂದು ಕೆಲಸವನ್ನು ಆರಿಸಿಕೊಳ್ಳಿ. ಲೆಕ್ಕಪತ್ರ ಸಹಾಯಕರಾಗಬಯಸುವವರು ಕಾಲ್ಪನಿಕ ವ್ಯಾಪಾರವೊಂದರ ಮೂರು ತಿಂಗಳ ನಗದು ಪುಸ್ತಕ ಬರೆದು ಅದನ್ನು ಬ್ಯಾಂಕ್ ಲೆಕ್ಕದೊಂದಿಗೆ ತಾಳೆ ನೋಡಿ ತೋರಿಸಬಹುದು. ಗ್ರಾಹಕ ಸೇವೆಯ ಹುದ್ದೆಗಾದರೆ ಐದು ಕಠಿಣ ದೂರುಗಳಿಗೆ ಉತ್ತರ ಬರೆದಿಡಬಹುದು. ಎಲೆಕ್ಟ್ರಿಷಿಯನ್ ಆಗಿದ್ದರೆ, ಮಾಡಿದ ವೈರಿಂಗಿನ ಫೋಟೋ ತೆಗೆದು, ಯಾವ ತಂತಿ ಯಾಕೆ ಹಾಗೆ ಹೋಗಿದೆ ಎಂದು ನಾಲ್ಕು ಸಾಲು ಬರೆಯಬಹುದು. ಪ್ರತಿಯೊಂದಕ್ಕೂ ಒಂದೇ ಪುಟ: ಸಮಸ್ಯೆ ಏನಿತ್ತು, ನಾನು ಏನು ಮಾಡಿದೆ, ಏನಾಯಿತು, ಎಲ್ಲಿ ತಪ್ಪಿದೆ. ಇಂಥ ಎರಡು ಪುಟ ಸಾಕು. ಹತ್ತು ಇದ್ದರೆ ಯಾರೂ ತೆರೆಯುವುದಿಲ್ಲ.

ಸಾಮಾನ್ಯ ತಪ್ಪು: ಬೇರೆಯವರ ಪ್ರಾಜೆಕ್ಟನ್ನು ಹೆಸರು ಬದಲಿಸಿ ತೋರಿಸುವುದು. ಎರಡನೆಯ ಪ್ರಶ್ನೆಗೇ ಅದು ಬಯಲಾಗುತ್ತದೆ, ಮತ್ತು ಆ ಸಂಸ್ಥೆಯ ಬಾಗಿಲು ಮುಚ್ಚಿದಂತೆಯೇ. ಕಾಲ್ಪನಿಕ ಮಾಹಿತಿ ಬಳಸಿದ್ದರೆ ಕಾಲ್ಪನಿಕ ಎಂದೇ ಬರೆಯಿರಿ, ಅದರಿಂದ ಬೆಲೆ ಕಡಿಮೆಯಾಗದು.

ಹಂತ 4: ರೆಸ್ಯೂಮೆಯನ್ನು ಮರಳಿ ಬರೆಯುವುದು

ಹೊಸಬರಿಗೆ ಒಂದು ಪುಟ ಸಾಕು. ಮೇಲೆ ಹೆಸರು, ಫೋನ್, ಇಮೇಲ್, ಊರು, ನಂತರ ಯಾವ ಹುದ್ದೆಗೆ, ಯಾವ ಬಲದ ಮೇಲೆ ಎಂಬ ಎರಡು ಸಾಲು, ಆಮೇಲೆ ಪುರಾವೆಗಳು ಮತ್ತು ಅನುಭವ, ಆಮೇಲೆ ಓದು, ಕೊನೆಗೆ ಕೌಶಲಗಳು. ವಯಸ್ಸು, ಧರ್ಮ, ವೈವಾಹಿಕ ಸ್ಥಿತಿ, ಗುರುತಿನ ಚೀಟಿಯ ಸಂಖ್ಯೆ ಇವನ್ನು ಜಾಹೀರಾತಿನಲ್ಲಿ ಕೇಳದ ಹೊರತು ಬರೆಯಬೇಡಿ.

ಒಂದು ಸಾಲು ಹೇಗೆ ಬದಲಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡೋಣ. ನನ್ನ ಬಳಿ ಬಂದಿದ್ದ ಒಬ್ಬ ಹುಡುಗನ ರೆಸ್ಯೂಮೆಯಲ್ಲಿ “ಕಾಲೇಜು ಉತ್ಸವದಲ್ಲಿ ಸಕ್ರಿಯವಾಗಿ ಭಾಗವಹಿಸಿದ್ದೇನೆ” ಎಂದಿತ್ತು. ಏನು ಮಾಡಿದೆಯಪ್ಪ ಎಂದು ಕೇಳಿದೆ. ನೋಂದಣಿ ನೋಡಿಕೊಂಡೆ ಎಂದ. ನೋಡಿಕೊಂಡೆ ಎಂದರೇನು ಎಂದು ಮತ್ತೆ ಕೇಳಿದಾಗ ನಿಧಾನವಾಗಿ ಹೊರಬಂತು: ಮೂರು ಕಡೆಯಿಂದ ಬಂದ 340 ಹೆಸರುಗಳನ್ನು ಒಂದೇ ಹಾಳೆಗೆ ಸೇರಿಸಿ, ಫೋನ್ ನಂಬರ್ ಹೋಲಿಸಿ ಎರಡೆರಡು ಸಲ ಬಂದವನ್ನು ತೆಗೆದು, ಎರಡು ದಿನದಲ್ಲಿ ಬ್ಯಾಡ್ಜ್ ಪಟ್ಟಿ ಸಿದ್ಧಪಡಿಸಿದ್ದ. ಆತ ಅರ್ಜಿ ಹಾಕುತ್ತಿದ್ದುದು ಡೇಟಾ ಎಂಟ್ರಿ ಹುದ್ದೆಗಳಿಗೆ! ಆ ಹುದ್ದೆಗೆ ಬೇಕಾದ ಮಾತೆಲ್ಲ ‘ಸಕ್ರಿಯವಾಗಿ’ ಎಂಬ ಪದದ ಹಿಂದೆ ಅಡಗಿತ್ತು. ಹೊಸ ಸಾಲು ಹೀಗಾಯಿತು: “ಮೂರು ಮೂಲಗಳಿಂದ ಬಂದ 340 ನೋಂದಣಿಗಳನ್ನು ಎಕ್ಸೆಲ್‌ನಲ್ಲಿ ಒಂದುಗೂಡಿಸಿ, ಪುನರಾವರ್ತನೆಗಳನ್ನು ತೆಗೆದು, ಎರಡು ದಿನಗಳಲ್ಲಿ ಅಂತಿಮ ಪಟ್ಟಿ ಸಿದ್ಧಪಡಿಸಿದೆ.” ನಿಮ್ಮ ರೆಸ್ಯೂಮೆಯ ಪ್ರತಿ ಸಾಲಿಗೂ ಇದೇ ರೀತಿ “ಅಂದರೇನು?” ಎಂದು ಎರಡು ಬಾರಿ ಕೇಳಿಕೊಳ್ಳಿ. ಉತ್ತರ ಹೊರಡದ ಸಾಲನ್ನು ಅಳಿಸಿಬಿಡಿ. ಶ್ರಮಜೀವಿ, ತಂಡದಲ್ಲಿ ಹೊಂದಿಕೊಳ್ಳುವವನು, ಬೇಗ ಕಲಿಯುವವನು ಎಂಬ ವಿಶೇಷಣಗಳು ಹಾಗೆಯೇ ಉದುರಿಹೋಗುತ್ತವೆ.

ಇನ್ನು ಯಂತ್ರದ ಓದು. ಹಲವು ಸಂಸ್ಥೆಗಳು ಅರ್ಜಿಗಳನ್ನು ನಿರ್ವಹಿಸುವ ತಂತ್ರಾಂಶವೊಂದನ್ನು ಬಳಸುತ್ತವೆ. ಅದು ರೆಸ್ಯೂಮೆಯಿಂದ ಪಠ್ಯವನ್ನು ಹೆಕ್ಕಿ ಹೆಸರು, ಓದು, ಅನುಭವ ಎಂದು ಖಾನೆಗಳಿಗೆ ತುಂಬುತ್ತದೆ, ನೇಮಕಾತಿ ವಿಭಾಗದವರು ಅಲ್ಲಿ ಪದ ಹುಡುಕಿ ಪಟ್ಟಿ ಮಾಡಿಕೊಳ್ಳುತ್ತಾರೆ. ಎರಡು ಅಂಕಣದ ವಿನ್ಯಾಸ, ಟೇಬಲ್, ಟೆಕ್ಸ್ಟ್ ಬಾಕ್ಸ್, ಚಿತ್ರದೊಳಗಿನ ಅಕ್ಷರ ಇವುಗಳಲ್ಲಿ ಆ ಹೆಕ್ಕುವಿಕೆ ಕೆಡುತ್ತದೆ. ಪರೀಕ್ಷಿಸುವುದು ಸುಲಭ: ನಿಮ್ಮ ಪಿಡಿಎಫ್ ತೆರೆದು, ಎಲ್ಲವನ್ನೂ ಆಯ್ದು, ನಕಲಿಸಿ, ನೋಟ್‌ಪ್ಯಾಡಿನಲ್ಲಿ ಅಂಟಿಸಿ. ಸಾಲುಗಳು ಹಿಂದುಮುಂದಾಗಿದ್ದರೆ ಯಂತ್ರಕ್ಕೂ ಹಾಗೆಯೇ ಕಾಣುವ ಸಂಭವವಿದೆ. ಏನೂ ಆಯ್ಕೆಯಾಗದಿದ್ದರೆ ನೀವು ಕಳುಹಿಸುತ್ತಿರುವುದು ಬರಿಯ ಚಿತ್ರ. ಕನ್ನಡದಲ್ಲಿ ರೆಸ್ಯೂಮೆ ಸಲ್ಲಿಸುವವರು ಯೂನಿಕೋಡ್ ಅಕ್ಷರಗಳನ್ನೇ ಬಳಸಬೇಕು. ಹಳೆಯ ಫಾಂಟುಗಳಲ್ಲಿ ಟೈಪಿಸಿದ್ದು ಬೇರೆ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಬೀಳುತ್ತದೆ.

ಜಾಹೀರಾತಿನಲ್ಲಿರುವ ಪದವನ್ನೇ ಬಳಸಿ. ಅವರು ‘ಟ್ಯಾಲಿ’ ಎಂದಿದ್ದರೆ ನೀವು ‘ಲೆಕ್ಕಪತ್ರ ತಂತ್ರಾಂಶ’ ಎಂದು ಬರೆಯಬೇಡಿ. ಆದರೆ ಪದಗಳನ್ನು ಬಿಳಿ ಬಣ್ಣದಲ್ಲಿ ಬಚ್ಚಿಟ್ಟು ತುಂಬುವ ಉಪಾಯ ಬೇಡ. ಪಠ್ಯ ಹೆಕ್ಕಿದ ಮೇಲೆ ಆ ಪದಗಳೂ ಓದುವವರ ಪರದೆಯಲ್ಲಿ ಕಾಣುತ್ತವೆ. ಕಡತದ ಹೆಸರು ‘ಹೊಸ ರೆಸ್ಯೂಮೆ ಫೈನಲ್ 3’ ಎಂದಿರದೆ ನಿಮ್ಮ ಹೆಸರು ಮತ್ತು ಹುದ್ದೆ ಆಗಿರಲಿ.

ಓದು ಮುಗಿದ ಮೇಲೆ ಒಂದೆರಡು ವರ್ಷ ಖಾಲಿ ಇದ್ದರೆ ಅದನ್ನು ತಿಂಗಳು ತಿದ್ದಿ ಮುಚ್ಚಬೇಡಿ. “ಈ ಅವಧಿಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೆ” ಅಥವಾ “ಮನೆಯಲ್ಲಿ ಅನಾರೋಗ್ಯವಿದ್ದುದರಿಂದ ಆರೈಕೆಯಲ್ಲಿದ್ದೆ” ಎಂಬ ಒಂದು ಸಾಲು ಸಾಕು. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಹಂತ 5: ಅರ್ಜಿ ಮತ್ತು ಪರಿಚಯ, ಎರಡೂ ಒಟ್ಟಿಗೆ

ವಾರಕ್ಕೆ ಎಂಟರಿಂದ ಹತ್ತು ಅರ್ಜಿ, ಪ್ರತಿಯೊಂದಕ್ಕೂ ರೆಸ್ಯೂಮೆಯ ಮೇಲಿನ ಎರಡು ಸಾಲು ಮತ್ತು ಪುರಾವೆಗಳ ಕ್ರಮ ಬದಲಿಸಿ ಕಳುಹಿಸುವುದು ನಿಭಾಯಿಸಬಹುದಾದ ಪ್ರಮಾಣ. ಜಾಹೀರಾತು ಬಂದ ಮೊದಲ ಒಂದೆರಡು ದಿನಗಳಲ್ಲೇ ಕಳುಹಿಸಿ. ಉಳಿದ ಸಮಯವನ್ನು ಜನರನ್ನು ತಲುಪಲು ಬಳಸಿ.

ಪರಿಚಯ ಎಂದಾಗ ಹಲವರು “ನಮಗೆ ದೊಡ್ಡವರ ಶಿಫಾರಸು ಎಲ್ಲಿದೆ?” ಎಂದು ಕುಗ್ಗುತ್ತಾರೆ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಅಮೆರಿಕದ ಬಾಸ್ಟನ್ ಬಳಿಯ ಪಟ್ಟಣವೊಂದರಲ್ಲಿ, ಪರಿಚಿತರ ಮೂಲಕ ಕೆಲಸ ಪಡೆದವರನ್ನು ವಿಚಾರಿಸಿ 1973ರಲ್ಲಿ ಪ್ರಕಟಿಸಿದ ಫಲಿತಾಂಶ ಅವರಿಗೆ ಧೈರ್ಯ ಕೊಡಬೇಕು. ಸುದ್ದಿ ಕೊಟ್ಟವರನ್ನು ಆ ದಿನಗಳಲ್ಲಿ ಆಗಾಗ ಭೇಟಿಯಾಗುತ್ತಿದ್ದೆವು ಎಂದವರು ಶೇ 16.7 ಮಾತ್ರ, ಅಪರೂಪಕ್ಕೊಮ್ಮೆ ಎಂದವರು ಶೇ 27.8, ನಡುನಡುವೆ ಎಂದವರು ಶೇ 55.6. ಕಾರಣ ಸರಳ: ಆಪ್ತರಿಗೆ ಗೊತ್ತಿರುವ ಸುದ್ದಿ ನಿಮಗೂ ಗೊತ್ತಿರುತ್ತದೆ, ದೂರದ ಪರಿಚಯದವರು ಬೇರೆ ವಲಯದ ಸುದ್ದಿ ತರುತ್ತಾರೆ. ಎರಡು ವರ್ಷ ಹಿರಿಯ ಸಹಪಾಠಿ, ಹಳೆಯ ಬಾಡಿಗೆ ಮನೆಯ ನೆರೆಯವರು, ಇಂಟರ್ನ್‌ಶಿಪ್‌ನಲ್ಲಿ ಪಕ್ಕದ ಮೇಜಿನಲ್ಲಿದ್ದವರು, ಇವರೇ ಆ ಜನ.

ಅವರಿಗೆ ಬರೆಯುವಾಗ ಕೆಲಸ ಕೇಳಬೇಡಿ, ಉತ್ತರಿಸಬಹುದಾದ ಪ್ರಶ್ನೆ ಕೇಳಿ:

“ನಮಸ್ಕಾರ ಮೇಡಂ. ನಾನು ವಾಣಿಜ್ಯ ಪದವಿ ಮುಗಿಸಿ ಲೆಕ್ಕಪತ್ರ ಸಹಾಯಕರ ಹುದ್ದೆ ಹುಡುಕುತ್ತಿದ್ದೇನೆ. ತಾವು ಅದೇ ಕೆಲಸದಿಂದ ಆರಂಭಿಸಿದವರೆಂದು ತಿಳಿಯಿತು. ಹೊಸಬರು ಮೊದಲ ಆರು ತಿಂಗಳಲ್ಲಿ ಎಲ್ಲಿ ಹೆಚ್ಚು ತಪ್ಪುತ್ತಾರೆ, ನಾನು ಮಾಡಿರುವ ಈ ಒಂದು ಪುಟದ ಮಾದರಿಯಲ್ಲಿ ಏನು ಕಡಿಮೆಯಿದೆ ಎಂಬ ಎರಡೇ ಪ್ರಶ್ನೆ ಕೇಳುವುದಿತ್ತು. ಬಿಡುವಾದಾಗ ಹತ್ತು ನಿಮಿಷ ಕೊಟ್ಟರೆ ಉಪಕಾರವಾಗುತ್ತದೆ.”

ಮಾತು ಮುಗಿಯುವಾಗ “ಇನ್ಯಾರನ್ನಾದರೂ ವಿಚಾರಿಸಬಹುದೇ?” ಎಂದು ಕೇಳಿ, ಮರುದಿನ ಒಂದು ಸಾಲಿನ ಕೃತಜ್ಞತೆ ತಿಳಿಸಿ. ಒಂದೇ ಸಂದೇಶವನ್ನು ಐವತ್ತು ಜನರಿಗೆ ಫಾರ್ವರ್ಡ್ ಮಾಡುವುದು ಇಲ್ಲಿನ ದೊಡ್ಡ ತಪ್ಪು. ಅರ್ಜಿಗಳ ವಿಷಯದಲ್ಲಿ ಒಂದು ವಾರದಿಂದ ಹತ್ತು ದಿನದ ನಂತರ ಒಮ್ಮೆ, ಇನ್ನೆರಡು ವಾರಕ್ಕೆ ಮತ್ತೊಮ್ಮೆ ವಿಚಾರಿಸಿ, ಅಲ್ಲಿಗೆ ನಿಲ್ಲಿಸಿ.

ಹಂತ 6: ಸಂದರ್ಶನಕ್ಕೆ ಬಾಯಿ ತೆರೆದು ಅಭ್ಯಾಸ

ಪಾಲ್ ಸ್ಯಾಕೆಟ್ ಎಂಬ ಮನೋವಿಜ್ಞಾನಿ ಮತ್ತು ಸಂಗಡಿಗರು, 3ನೆಯ ಹಂತದಲ್ಲಿ ಹೇಳಿದ ಸ್ಮಿತ್ ಮತ್ತು ಹಂಟರ್ ಅವರ ಲೆಕ್ಕಾಚಾರವನ್ನು ಮರುಪರಿಶೀಲಿಸಿ 2022ರಲ್ಲಿ ಪ್ರಕಟಿಸಿದಾಗ, ಎಲ್ಲ ಅಭ್ಯರ್ಥಿಗಳಿಗೂ ಒಂದೇ ಪ್ರಶ್ನೆಗಳನ್ನು ಕೇಳಿ ಒಂದೇ ಅಳತೆಗೋಲಿನಿಂದ ಅಂಕ ಕೊಡುವ ಕ್ರಮಬದ್ಧ ಸಂದರ್ಶನ, ಒಬ್ಬರು ಮುಂದೆ ಹೇಗೆ ಕೆಲಸ ಮಾಡುತ್ತಾರೆಂದು ತಿಳಿಸುವ ವಿಧಾನಗಳಲ್ಲಿ ಮೊದಲ ಸ್ಥಾನಕ್ಕೆ ಬಂತು. ನಿಮಗೆ ಇದರಿಂದ ತಿಳಿಯಬೇಕಾದದ್ದೇನೆಂದರೆ, ಇಂಥ ಸಂದರ್ಶನದಲ್ಲಿ ಅಂಕ ಸಿಗುವುದು ಮಾತಿನ ಚುರುಕಿಗಲ್ಲ, ನಡೆದ ಸಂಗತಿಯ ವಿವರಕ್ಕೆ.

ನಿಮ್ಮ ಬದುಕಿನಿಂದ ಐದು ಘಟನೆಗಳನ್ನು ಆರಿಸಿ: ಕಷ್ಟದ ಕೆಲಸ ಮುಗಿಸಿದ್ದು, ತಪ್ಪು ಮಾಡಿ ಸರಿಪಡಿಸಿದ್ದು, ಯಾರೊಂದಿಗೋ ಭಿನ್ನಾಭಿಪ್ರಾಯ ಬಂದದ್ದು, ಹೊಸದೊಂದನ್ನು ತಾನೇ ಕಲಿತದ್ದು, ಕಡಿಮೆ ಸಮಯದಲ್ಲಿ ನಿಭಾಯಿಸಿದ್ದು. ಪ್ರತಿಯೊಂದನ್ನೂ ಸಂದರ್ಭ, ನಿಮ್ಮ ಹೊಣೆ, ನೀವು ಮಾಡಿದ್ದು, ಬಂದ ಫಲ ಎಂಬ ನಾಲ್ಕು ಭಾಗವಾಗಿ ಎರಡು ನಿಮಿಷದಲ್ಲಿ ಹೇಳಿ, ಮೊಬೈಲಿನಲ್ಲಿ ಮುದ್ರಿಸಿ ಕೇಳಿ. ಮೊದಲ ಬಾರಿ ಕೇಳುವಾಗ ಮುಜುಗರವಾಗುತ್ತದೆ. ಆದರೂ ಕೇಳಿ, ಏಕೆಂದರೆ ಸಂದರ್ಭ ಹೇಳುವುದರಲ್ಲೇ ಒಂದೂವರೆ ನಿಮಿಷ ಕಳೆದು ‘ನಾನು ಮಾಡಿದ್ದು’ ಎಂಬ ಭಾಗ ಹತ್ತು ಸೆಕೆಂಡಿನಲ್ಲಿ ಮುಗಿಯುವುದು ಅಲ್ಲಿಯೇ ಗೊತ್ತಾಗುವುದು. ಇನ್ನೊಂದನ್ನೂ ಗಮನಿಸಿ. ನಮ್ಮಲ್ಲಿ ‘ನಾನು’ ಎನ್ನುವುದು ಅಹಂಕಾರವೆನಿಸಿ, ಒಬ್ಬರೇ ಮಾಡಿದ ಕೆಲಸಕ್ಕೂ ‘ನಾವು ಮಾಡಿದೆವು’ ಎನ್ನುತ್ತೇವೆ. ಸಂದರ್ಶಕರಿಗೆ ಆಗ ನಿಮ್ಮ ಪಾಲು ಯಾವುದು ಎಂದು ತಿಳಿಯುವುದೇ ಇಲ್ಲ.

ಗೊತ್ತಿಲ್ಲದ ಪ್ರಶ್ನೆ ಬಂದರೆ “ಇದು ನನಗೆ ಗೊತ್ತಿಲ್ಲ, ಆದರೆ ಕಂಡುಹಿಡಿಯಬೇಕಾದರೆ ಹೀಗೆ ಶುರು ಮಾಡುತ್ತೇನೆ” ಎನ್ನಿ. ಸಂಬಳದ ಪ್ರಶ್ನೆಗೆ, ಅದೇ ಹುದ್ದೆಯ ಜಾಹೀರಾತುಗಳಲ್ಲಿ ಕಂಡ ಮೊತ್ತಗಳ ಆಧಾರದ ಮೇಲೆ ಒಂದು ವ್ಯಾಪ್ತಿ ಹೇಳಿ. “ನೀವು ಎಷ್ಟು ಕೊಟ್ಟರೂ ಸರಿ” ಎನ್ನಬೇಡಿ. ವಿಡಿಯೋ ಸಂದರ್ಶನವಾದರೆ ಬೆಳಕು ಮುಖದ ಮುಂದಿರಲಿ, ಲಿಂಕ್ ಹಿಂದಿನ ದಿನವೇ ತೆರೆದು ನೋಡಿ. ಹೊರಬಂದ ಅರ್ಧ ಗಂಟೆಯೊಳಗೆ ಕೇಳಿದ ಪ್ರಶ್ನೆಗಳನ್ನೆಲ್ಲ ಬರೆದಿಡಿ. ಮೂರು ಸಂದರ್ಶನಗಳ ನಂತರ ಅದೇ ನಿಮ್ಮ ಪಠ್ಯಪುಸ್ತಕ.

ಹಂತ 7: ನಿರಾಕರಣೆಯ ನಂತರ

ಕೃತಜ್ಞತೆ ತಿಳಿಸಿ, “ನಾನು ಸುಧಾರಿಸಿಕೊಳ್ಳಬೇಕಾದ ಒಂದು ಅಂಶ ತಿಳಿಸಬಹುದೇ?” ಎಂದು ಕೇಳಿ. ಉತ್ತರ ಬಾರದಿದ್ದರೆ ಬೇಸರಪಡಬೇಡಿ. ನಾಲ್ಕು ವಾರಕ್ಕೊಮ್ಮೆ ಹಾಳೆಗೆ ಮರಳಿ, ಒಂದೇ ಒಂದು ಸಂಗತಿಯನ್ನು ಬದಲಿಸಿ. ಮೂರನ್ನು ಒಟ್ಟಿಗೆ ಬದಲಿಸಿದರೆ ಯಾವುದು ಫಲ ಕೊಟ್ಟಿತೆಂದು ತಿಳಿಯದು. ನಿದ್ದೆ ಕೆಟ್ಟು, ಫೋನ್ ಎತ್ತಲೂ ಭಯವಾಗುವಷ್ಟು ಕುಗ್ಗಿದ್ದರೆ ಒಂದು ವಾರ ಅರ್ಜಿಗಳನ್ನು ನಿಲ್ಲಿಸಿ, ಮನೆಯವರಲ್ಲೋ ವೈದ್ಯರಲ್ಲೋ ಮನಸ್ಸು ಬಿಚ್ಚಿ ಮಾತಾಡಿ.

ಹಂತ 8: ಆಫರ್ ಬಂದಾಗ ಪರಿಶೀಲನೆ

ಬಹುದಿನ ಕಾದವರೇ ವಂಚಕರಿಗೆ ಸುಲಭದ ತುತ್ತು, ಆದ್ದರಿಂದ ಈ ಹಂತವನ್ನು ಖುಷಿಯಲ್ಲಿ ಓಡಿಸಬೇಡಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1997ರಲ್ಲಿ ಅಂಗೀಕರಿಸಿದ 181ನೆಯ ಒಡಂಬಡಿಕೆಯ 7ನೆಯ ವಿಧಿ, ಖಾಸಗಿ ಉದ್ಯೋಗ ಏಜೆನ್ಸಿಗಳು ಕೆಲಸಗಾರರಿಂದ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಶುಲ್ಕ ಪಡೆಯಬಾರದು ಎಂಬುದನ್ನು ಸಾಮಾನ್ಯ ನಿಯಮವಾಗಿ ಇಟ್ಟಿದೆ. ನೋಂದಣಿ, ತರಬೇತಿ, ಲ್ಯಾಪ್‌ಟಾಪ್ ಠೇವಣಿ, ವೀಸಾ ಎಂದು ಯಾವ ಹೆಸರಿನಲ್ಲಿ ಹಣ ಕೇಳಿದರೂ ಅಲ್ಲಿಗೆ ನಿಲ್ಲಿಸಿ.

ಸಂದರ್ಶನವೇ ಇಲ್ಲದೆ ಬಂದ ಆಫರ್, ಚಾಟ್‌ನಲ್ಲಿ ಮಾತ್ರ ನಡೆಯುವ ಮಾತುಕತೆ, ಉಚಿತ ಇಮೇಲ್ ಖಾತೆಯಿಂದ ಬಂದ ‘ನೇಮಕಾತಿ ಪತ್ರ’, ಇಂದೇ ಒಪ್ಪಿಕೊಳ್ಳಬೇಕೆಂಬ ಒತ್ತಡ, ಮೂಲ ಪ್ರಮಾಣಪತ್ರ ಅಥವಾ ಪಾಸ್‌ಪೋರ್ಟ್ ಇಟ್ಟುಕೊಳ್ಳುವ ಷರತ್ತು, ಒಟಿಪಿ ಕೇಳುವುದು, ಇವೆಲ್ಲ ಎಚ್ಚರಿಕೆಯ ಲಕ್ಷಣಗಳು. ನಿಮ್ಮ ಬ್ಯಾಂಕ್ ಖಾತೆಗೆ ಬಂದ ಹಣವನ್ನು ಬೇರೆಡೆಗೆ ಕಳುಹಿಸುವುದೇ ಕೆಲಸ ಎಂದರೆ ಅದು ಕದ್ದ ಹಣವನ್ನು ದಾಟಿಸುವ ದಂಧೆ. ತನಿಖೆ ನಿಮ್ಮ ಹೆಸರಿಗೇ ಬರುತ್ತದೆ. ಪರಿಶೀಲಿಸುವಾಗ ಪತ್ರದಲ್ಲಿರುವ ನಂಬರಿಗೆ ಕರೆ ಮಾಡಬೇಡಿ. ಸಂಸ್ಥೆಯ ಜಾಲತಾಣವನ್ನು ನೀವೇ ಹುಡುಕಿ ತೆರೆದು, ಅಲ್ಲಿರುವ ನಂಬರಿಗೆ ಮಾಡಿ.

ಪತ್ರ ನಿಜವೆಂದು ಖಚಿತವಾದ ಮೇಲೆ ಹುದ್ದೆ, ಕೈಗೆ ಬರುವ ಸಂಬಳ, ಕೆಲಸದ ವೇಳೆ, ಪ್ರೊಬೇಷನ್ ಅವಧಿ, ಬಿಡುವಾಗ ಕೊಡಬೇಕಾದ ನೋಟಿಸ್, ಬಾಂಡ್ (ಇಂತಿಷ್ಟು ಕಾಲ ಬಿಡುವುದಿಲ್ಲ, ಬಿಟ್ಟರೆ ಹಣ ಕೊಡುತ್ತೇನೆ ಎಂಬ ಕರಾರು) ಇದ್ದರೆ ಅದರ ಮೊತ್ತ ಮತ್ತು ಅವಧಿ ಇವಿಷ್ಟನ್ನೂ ಬರವಣಿಗೆಯಲ್ಲಿ ನೋಡಿ, ತಿಳಿಯದ್ದನ್ನು ಕೇಳಿ, ಆಮೇಲೆ ಸಹಿ ಮಾಡಿ. ಎರಡೂ ಕಡೆಯ ಸಹಿಯಿರುವ ಪತ್ರ ಕೈಗೆ ಬರುವವರೆಗೆ ಹಾಳೆಯಲ್ಲಿ ತೆರೆದಿರುವ ಉಳಿದ ಸಾಲುಗಳನ್ನು ಮುಚ್ಚಬೇಡಿ, ನಿಗದಿಯಾದ ಸಂದರ್ಶನಗಳಿಗೂ ಹೋಗಿ. ಪತ್ರ ಬಂದ ದಿನ, ನಿಮಗಾಗಿ ಕಾಯುತ್ತಿರುವ ಸಂಸ್ಥೆಗಳಿಗೆ ಬೇರೆಡೆ ಸೇರುತ್ತಿರುವುದನ್ನು ಎರಡು ಸಾಲಿನಲ್ಲಿ ತಿಳಿಸಿ. ಹತ್ತು ನಿಮಿಷ ಕೊಟ್ಟು ಮಾತಾಡಿದವರಿಗೆ ಫೋನ್ ಮಾಡಿ ಹೇಳಿ.